ಮಗು ಮಲಗಿರುವುದಿಲ್ಲ, ತಂಗಿ

ತಂಗಿ,

ಮೆಲ್ಬರ್ನಿಗೆ ಬಂದು ಹತ್ತು ತಿಂಗಳಾಯಿತು, ಗಂಡ ನನ್ನ ಮೇಲೆ ಕೈ ಮಾಡುತ್ತಾರೆ, ಆದರೆ ಮಗನನ್ನು ಒಮ್ಮೆಯೂ ಮುಟ್ಟಿಲ್ಲ, ಆ ಹೊತ್ತಿಗೆ ಅವನು ಮಲಗಿರುತ್ತಾನೆ ಎಂದು ಬರೆದಿದ್ದೀಯ. ಪೊಲೀಸರಿಗೆ ಹೇಳಿದರೆ ಮಗುವನ್ನೇ ಕಿತ್ತುಕೊಂಡು ಹೋಗುತ್ತಾರಂತೆ, ನಿಜವೇ ಅಕ್ಕಾ ಎಂದು ಕೇಳಿದ್ದೀಯ. ಅದೇ ಪತ್ರದ ಕೊನೆಯಲ್ಲಿ, ಗಲಾಟೆ ನಿಂತ ಸ್ವಲ್ಪ ಹೊತ್ತಿಗೆ ಆರು ವರ್ಷದ ಮಗ ತಾನಾಗಿ ಎದ್ದು ಬಂದು, ಫ್ರಿಜ್‌ನಿಂದ ಐಸ್ ತೆಗೆದು ನಿನ್ನ ಕೆನ್ನೆಗೆ ಹಿಡಿದ ಎಂದೂ ಬರೆದಿದ್ದೀಯ. ಅವನು ಮಲಗಿರಲಿಲ್ಲ, ತಂಗಿ.

ಇಲ್ಲಿನ ಕಾನೂನು ಆ ಐಸನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆಸ್ಟ್ರೇಲಿಯಾದ 1975ರ ಕುಟುಂಬ ಕಾನೂನು ಕಾಯ್ದೆಯಲ್ಲಿ 2012ರಿಂದ ಜಾರಿಯಲ್ಲಿರುವ ವ್ಯಾಖ್ಯೆಯ ಪ್ರಕಾರ, ಮಗು ಹಿಂಸೆಯನ್ನು ನೋಡಿದರೂ, ಕೇಳಿದರೂ, ಬೇರೆ ಯಾವ ರೀತಿಯಲ್ಲಿ ಅದರ ಪರಿಣಾಮ ಅನುಭವಿಸಿದರೂ ಅದು ಹಿಂಸೆಗೆ ಒಳಗಾದ ಮಗುವೇ. ಉದಾಹರಣೆಗಳನ್ನು ಕಾಯ್ದೆಯೇ ಕೊಡುತ್ತದೆ: ಕೊಲ್ಲುತ್ತೇನೆಂಬ ಬೆದರಿಕೆ ಕಿವಿಗೆ ಬೀಳುವುದು, ಪೆಟ್ಟು ತಿಂದವರನ್ನು ಸಮಾಧಾನ ಮಾಡುವುದು, ಒಡೆದು ಹಾಕಿದ ಸಾಮಾನನ್ನು ಬಳಿದು ತೆಗೆಯುವುದು, ಪೊಲೀಸರೋ ಆಂಬುಲೆನ್ಸಿನವರೋ ಬಂದಾಗ ಅಲ್ಲಿರುವುದು. ‘ಮಗುವನ್ನು ಮುಟ್ಟಿಲ್ಲ’ ಎಂಬ ಮಾತಿಗೆ ಊರಿನ ಹಿರಿಯರ ಮುಂದೆ ಇರುವ ಬೆಲೆ ಇಲ್ಲಿನ ನ್ಯಾಯಾಲಯದಲ್ಲಿ ಇಲ್ಲ.

ನನಗೆ ಇದು ಪುಸ್ತಕದಲ್ಲಿ ಓದಿದ ವಿಷಯವಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಗೋಡೆಯಾಚೆ ಅಪ್ಪನ ದನಿ ಏರಿದಾಗ ನಾನು ಕಂಬಳಿಯೊಳಗೆ ಉಸಿರು ಬಿಗಿಹಿಡಿದು ತಮ್ಮನ ಕಿವಿ ಮುಚ್ಚುತ್ತಿದ್ದೆ. ಬೆಳಿಗ್ಗೆ ಅಮ್ಮ ಅಜ್ಜಿಗೆ ಹೇಳುತ್ತಿದ್ದರು: “ಪುಣ್ಯಕ್ಕೆ ಮಕ್ಕಳು ಮಲಗಿದ್ದವು.” ಐವತ್ತು ದಾಟಿದ ಮೇಲೂ, ಪಕ್ಕದ ಮನೆಯಲ್ಲಿ ಬಾಗಿಲು ಜೋರಾಗಿ ಬಡಿದುಕೊಂಡರೆ ನನಗೆ ಎಚ್ಚರವಾಗುತ್ತದೆ.

ಈಗ ನಿನ್ನ ಭಯದ ಮಾತು. ತಂದೆತಾಯಿಯರಿಬ್ಬರಿಂದಲೂ ಮಗುವನ್ನು ದೂರ ಮಾಡುವ ದಾರಿ ಒಂದಿದೆ. ಅದು ರಾಜ್ಯದ ಮಕ್ಕಳ ರಕ್ಷಣಾ ವಿಭಾಗದ್ದು, ಮಕ್ಕಳ ನ್ಯಾಯಾಲಯದ ಮೂಲಕ ನಡೆಯುವಂಥದ್ದು. ಮಗುವನ್ನು ಕಾಪಾಡಬಲ್ಲ ಹೆತ್ತವರು ಒಬ್ಬರಾದರೂ ಇದ್ದಾರೆಯೇ ಎಂಬುದು ಅವರು ನೋಡುವ ಮುಖ್ಯ ವಿಷಯ. ಸಹಾಯ ಕೇಳಿದ ತಾಯಿ ಕಾಪಾಡುತ್ತಿರುವ ತಾಯಿ. ಮುಚ್ಚಿಟ್ಟಷ್ಟೂ ನಿನ್ನ ಪಕ್ಷ ಸೊರಗುತ್ತದೆ. ಊರಿನಿಂದ ಬರುವ ‘ಮಗುವಿಗೋಸ್ಕರ ಸಹಿಸಿಕೋ’ ಎಂಬ ಬುದ್ಧಿವಾದ ಇಲ್ಲಿ ನಿನಗೇ ತಿರುಗುಬಾಣವಾಗಬಹುದು.

ಗಂಡ ಹೆಂಡತಿ ಬೇರೆಯಾದರೆ ಮಗು ಎಲ್ಲಿರಬೇಕೆಂದು ನೋಡುವುದು ಕುಟುಂಬ ನ್ಯಾಯಾಲಯ. ಅಲ್ಲಿಗೆ ಹೋಗಲು ಪೌರತ್ವ ಬೇಕಿಲ್ಲ. ‘ತಂದೆಗೆ ಅರ್ಧ ಪಾಲು ಖಂಡಿತ’ ಎಂದು ನಮ್ಮವರು ಹೇಳುವುದನ್ನು ಕೇಳಿರುತ್ತೀಯ. 2006ರಲ್ಲಿ ಬಂದ ತಿದ್ದುಪಡಿ, ಇಬ್ಬರಿಗೂ ಸಮಾನ ಜವಾಬ್ದಾರಿ ಇರುವುದೇ ಒಳ್ಳೆಯದೆಂದು ಮೊದಲೇ ಭಾವಿಸಿಕೊಂಡು ಹೊರಡುತ್ತಿತ್ತು. ಹಿಂಸೆ ಇದ್ದಲ್ಲಿ ಅದು ಅನ್ವಯಿಸದು ಎಂದಿದ್ದರೂ, ಹಾಗೆಂದರೆ ದಿನಗಳೂ ಅರ್ಧ ಅರ್ಧ ಎಂದು ತಿಳಿದು ಎಷ್ಟೋ ತಾಯಂದಿರು ಹೆದರಿ ಒಪ್ಪಂದಕ್ಕೆ ಸಹಿ ಹಾಕಿದರು. 2024ರ ಮೇ 6ರಿಂದ, ಹಾಗೆ ಮೊದಲೇ ಭಾವಿಸಿಕೊಳ್ಳುವ ನಿಯಮವನ್ನೇ ಕಾಯ್ದೆಯಿಂದ ಕಿತ್ತುಹಾಕಿದ್ದಾರೆ. ಮಗುವಿನ ಹಿತ ಯಾವುದೆಂದು ತೀರ್ಮಾನಿಸಲು ನ್ಯಾಯಾಲಯ ನೋಡಬೇಕಾದ ಅಂಶಗಳ ಈಗಿನ ಪಟ್ಟಿಯಲ್ಲಿ ಮೊದಲು ಬರುವುದು ಮಗುವಿನ ಸುರಕ್ಷತೆ, ಜೊತೆಗೇ ಅದನ್ನು ನೋಡಿಕೊಳ್ಳುವವರ ಸುರಕ್ಷತೆ. ಹಿಂದಿನ ಹಿಂಸೆಯ ಇತಿಹಾಸವನ್ನು ನ್ಯಾಯಾಧೀಶರು ಗಮನಿಸಲೇಬೇಕು.

ಹಾಗೆಂದು ಎಲ್ಲವೂ ಸುಲಭ ಎನ್ನಲಾರೆ. ಪ್ರಕರಣ ಎಳೆಯುತ್ತದೆ, ಹಣ ಬೇಕಾಗುತ್ತದೆ, ಹಿಂಸೆ ಸಾಬೀತಾದ ಮಾತ್ರಕ್ಕೆ ತಂದೆಯ ಭೇಟಿ ನಿಂತೇಹೋಗುತ್ತದೆ ಎಂದೇನಿಲ್ಲ. ಮೇಲ್ವಿಚಾರಕರು ಕೂತಿರುವ ಕೇಂದ್ರದಲ್ಲಿ ವಾರಕ್ಕೆ ಒಂದೆರಡು ಗಂಟೆ ಎಂದು ಶುರುವಾಗಿ ಮುಂದೆ ಹೆಚ್ಚಬಹುದು. ಇದು ನನಗೆ ಈಗಲೂ ಸಂಕಟದ ವಿಷಯ.

ಮಗನನ್ನು ಕಟಕಟೆಗೆ ಹತ್ತಿಸುತ್ತಾರೆ ಎಂಬ ಹೆದರಿಕೆ ಬೇಡ. ನ್ಯಾಯಾಲಯದ ಮಕ್ಕಳ ತಜ್ಞರು, ಸಾಮಾನ್ಯವಾಗಿ ಮನಃಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ, ಅವನ ಜೊತೆ ಮಾತನಾಡಿ ವರದಿ ಬರೆಯುತ್ತಾರೆ. ಮಗುವಿನ ಹಿತಕ್ಕೆಂದೇ ಪ್ರತ್ಯೇಕ ವಕೀಲರನ್ನು ನೇಮಿಸಿದರೆ, ಐದು ವರ್ಷ ತುಂಬಿದ ಮಗುವನ್ನು ಅವರು ಭೇಟಿಯಾಗಬೇಕೆಂಬುದು 2024ರ ನಿಯಮ. ಮಗು ಒಲ್ಲೆನೆಂದರೆ ಬಲವಂತವಿಲ್ಲ. ದಯವಿಟ್ಟು ಅವನಿಗೆ ಏನು ಹೇಳಬೇಕೆಂದು ಪಾಠ ಮಾಡಬೇಡ. ಕಲಿಸಿದ ಮಾತು ಮಗುವಿನ ಬಾಯಲ್ಲಿ ಬೇರೆಯಾಗಿಯೇ ಕೇಳುತ್ತದೆ, ಅನುಭವವುಳ್ಳವರಿಗೆ ತಕ್ಷಣ ತಿಳಿಯುತ್ತದೆ.

ನಿನ್ನ ಮಾತಿನ ಬಗ್ಗೆಯೂ ಒಂದು ವಿಷಯ. ನಾನು ಹನ್ನೊಂದು ವರ್ಷಗಳಿಂದ ಕನ್ನಡ ದುಭಾಷಿಯಾಗಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ನಮ್ಮ ಭಾಷೆಯ ಈ ಅಭ್ಯಾಸ ನಿನಗೂ ಗೊತ್ತು: ನಾವು ‘ಹೊಡೆದರು’ ಎನ್ನುವುದಿಲ್ಲ, ‘ಕೈ ಮಾಡಿದರು’ ಎನ್ನುತ್ತೇವೆ, ‘ಕತ್ತು ಹಿಸುಕಿದರು’ ಎನ್ನುವ ಬದಲು ‘ಸ್ವಲ್ಪ ಜಗಳವಾಯಿತು’ ಎನ್ನುತ್ತೇವೆ. ದುಭಾಷಿ ನೀನು ಆಡಿದ ಮಾತನ್ನಷ್ಟೇ ಹೇಳಬೇಕು, ತನ್ನದನ್ನು ಸೇರಿಸುವಂತಿಲ್ಲ. ‘ಜಗಳ’ ಎಂದರೆ ಇಂಗ್ಲಿಷಿನಲ್ಲಿ ಬರೀ ವಾಗ್ವಾದವಾಗಿ ಪೊಲೀಸರ ಪುಸ್ತಕಕ್ಕೆ ಹೋಗುತ್ತದೆ, ಆ ಪುಸ್ತಕ ನಾಳೆ ಕುಟುಂಬ ನ್ಯಾಯಾಲಯಕ್ಕೆ ಬರುತ್ತದೆ. ಯಾವ ಕೈ, ಎಲ್ಲಿಗೆ, ಎಷ್ಟು ಸಲ, ಮಗ ಎಲ್ಲಿ ನಿಂತಿದ್ದ, ಇಷ್ಟನ್ನೂ ನಾಚಿಕೆ ಬಿಟ್ಟು ಹೇಳು. ವೈದ್ಯರ ಬಳಿಯೂ ‘ಜಾರಿ ಬಿದ್ದೆ’ ಎನ್ನಬೇಡ.

ಕೂಡಲೇ ಮನೆ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಗಂಡ ಹಿಂಸೆ ಮಾಡದಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಿಗುವ ತಡೆ ಆದೇಶದಲ್ಲಿ ಮಗನ ಹೆಸರನ್ನೂ ಸೇರಿಸಬಹುದು. ಗಂಡ ಮನೆಯಲ್ಲೇ ಇರಲಿ, ಹಿಂಸೆ ಮಾತ್ರ ನಿಲ್ಲಲಿ ಎಂಬಂಥ ಸೀಮಿತ ಆದೇಶವೂ ಉಂಟು. ಆದೇಶ ಬಂದ ಮಾತ್ರಕ್ಕೆ ಅವರು ಅಪರಾಧಿಯಾಗುವುದಿಲ್ಲ, ಮುರಿದರೆ ಅಪರಾಧ. ಅಂತಿಮ ಆದೇಶ ಇದ್ದರೆ, ಮುಂದೆ ಕುಟುಂಬ ನ್ಯಾಯಾಲಯದಲ್ಲಿ ಅವರೇ ಎದುರು ನಿಂತು ನಿನಗೆ ಪಾಟೀಸವಾಲು ಹಾಕುವಂತಿಲ್ಲ, ವಕೀಲರ ಮೂಲಕವೇ ಕೇಳಬೇಕು.

ಮಗನನ್ನು ಎತ್ತಿಕೊಂಡು ಬೆಂಗಳೂರಿಗೆ ವಿಮಾನ ಹತ್ತುವ ಯೋಚನೆ ಬಂದಿದ್ದರೆ, ವಕೀಲರನ್ನು ಕೇಳದೆ ಆ ಹೆಜ್ಜೆ ಇಡಬೇಡ. ಪ್ರಕರಣ ನಡೆಯುತ್ತಿರುವಾಗ ಅನುಮತಿಯಿಲ್ಲದೆ ಮಗುವನ್ನು ದೇಶದಾಚೆ ಕರೆದೊಯ್ಯುವುದು ಇಲ್ಲಿ ಜೈಲುಶಿಕ್ಷೆಯ ಅಪರಾಧ. ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸು ಕಳಿಸುವ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅಲ್ಲಿ ಏನೂ ಆಗದು ಎಂದು ಧೈರ್ಯ ಹೇಳುವವರಿದ್ದಾರೆ. ನಮ್ಮ ಸುಪ್ರೀಂ ಕೋರ್ಟ್ ಮಗುವಿನ ಹಿತವನ್ನೇ ಮುಂದಿಟ್ಟು ನೋಡುತ್ತದೆ, ಎಂದರೆ ಮಗುವನ್ನು ಹಾಜರುಪಡಿಸಬೇಕೆಂದು ಗಂಡ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ ನೀನು ಅಲ್ಲಿಯೂ ಹೈಕೋರ್ಟಿಗೆ ಅಲೆಯಬೇಕಾಗಬಹುದು. ನಿನ್ನ ವೀಸಾ ಯಾವುದೆಂದು ನೀನು ಬರೆದಿಲ್ಲ. ಕೆಲವು ವೀಸಾಗಳಲ್ಲಿ, ಹಿಂಸೆಯಿಂದ ಸಂಬಂಧ ಮುರಿದರೂ ಕಾಯಂ ವಾಸದ ಅರ್ಜಿ ಉಳಿಯುತ್ತದೆ. ಅದನ್ನೂ ಈ ರಾಜ್ಯದ ಕಾನೂನು ನೆರವು ಸಂಸ್ಥೆ ವಿಕ್ಟೋರಿಯಾ ಲೀಗಲ್ ಏಡ್‌ನವರನ್ನು ಕೇಳು.

ಜೀವಕ್ಕೆ ಅಪಾಯವೆನಿಸಿದ ಕ್ಷಣ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡು. ಇಲ್ಲದಿದ್ದರೆ, ಗಂಡ ಕೆಲಸಕ್ಕೆ ಹೋದ ಮೇಲೆ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ ‘ಕನ್ನಡ’ ಎನ್ನು, ದುಭಾಷಿ ಬಂದ ಮೇಲೆ ಹಿಂಸೆಗೆ ಒಳಗಾದವರ ಸಹಾಯವಾಣಿ 1800 737 732ಕ್ಕೆ ಜೋಡಿಸಲು ಹೇಳು. ಆ ದಿನ ಕರೆಗೆ ಸಿಗುವ ದುಭಾಷಿ ನಾನೇ ಆಗಿರಲೂಬಹುದು. ಆಗ ನೀನು ಯಾರೆಂದು ನಾನು ಕೇಳುವುದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಫೋನಿನಿಂದ ಅಳಿಸಿಬಿಡು.