‘ನಿದ್ದೆ ಬರ್ತಿದೆಯಾ?’ ಎಂದರೆ ಸಿಟ್ಟಾಗುವ ಗಂಡ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಗಂಡ ಹೆಂಡತಿ ಇಬ್ಬರೂ ಜೊತೆಯಲ್ಲೇ ಬಂದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗಂಡನಿಗೆ ನಲವತ್ತರ ಆಸುಪಾಸು, ಆಕೆ ಒಂದೆರಡು ವರ್ಷ ಚಿಕ್ಕವರು. “ಇವರ ಜೊತೆ ರಾತ್ರಿ ಕಾರಿನಲ್ಲಿ ಕೂರೋಕೆ ಜೀವಭಯ ಮೇಡಂ” ಎಂದು ಆಕೆ. “ಪಕ್ಕದಲ್ಲಿ ಕೂತು ಐದು ನಿಮಿಷಕ್ಕೊಮ್ಮೆ ‘ರೀ, ನಿದ್ದೆ ಬರ್ತಿದೆಯಾ’ ಅಂತ ತನಿಖೆ ಮಾಡಿದ್ರೆ ಗಾಡಿ ಓಡಿಸೋದು ಹೇಗೆ?” ಎಂದು ಅವರು. ಜಗಳ ಮಾತು ಬಿಡುವ ಹಂತಕ್ಕೆ ಬಂದಿತ್ತು.

ಊರಲ್ಲಿರುವ ಮಾವನಿಗೆ ಹುಷಾರಿಲ್ಲ. ತಿಂಗಳಿಗೆರಡು ಸಲವಾದರೂ ಶುಕ್ರವಾರ ಆಫೀಸು ಮುಗಿಸಿ, ಊಟ ಮಾಡಿ, ಹತ್ತೂವರೆಗೆ ಹೊರಟರೆ ಬೆಳಗಿನ ಜಾವ ಊರು. ಟ್ರಾಫಿಕ್ ಇರುವುದಿಲ್ಲ, ರಜೆಯೂ ಉಳಿಯುತ್ತದೆ ಎಂಬುದು ಲೆಕ್ಕ. ಅಂಥದ್ದೊಂದು ರಾತ್ರಿ ಕಾರು ಡಾಂಬರು ಬಿಟ್ಟು ಕೆಳಗಿಳಿಯಿತು. ಜಲ್ಲಿಕಲ್ಲು ತಳಕ್ಕೆ ಬಡಿದ ಸದ್ದಿಗೆ ಆಕೆ ಚೀರಿದರು, ಅವರು ಸ್ಟಿಯರಿಂಗ್ ಎಳೆದು ಮತ್ತೆ ರಸ್ತೆಗೆ ತಂದರು. “ನಾಯಿ ಅಡ್ಡ ಬಂತು” ಎಂದರು. ಆಕೆಗೆ ಯಾವ ನಾಯಿಯೂ ಕಂಡಿರಲಿಲ್ಲ. ಅಂದಿನಿಂದ ಆ ದಾರಿಯುದ್ದಕ್ಕೂ ಆಕೆ ಕಣ್ಣು ಮುಚ್ಚಿಲ್ಲ.

ಅವರೊಬ್ಬರನ್ನೇ ಕೂರಿಸಿಕೊಂಡು, ಆ ಸದ್ದಿಗೆ ಮೊದಲು ಏನೇನು ನೆನಪಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಟೋಲ್ ದಾಟಿದ್ದು ನೆನಪಿಲ್ಲ ಮೇಡಂ. ದಾಟಿರಲೇಬೇಕು.” ನಾಯಿ ಬಂದಿರಲಿಲ್ಲ. ಮರ್ಯಾದೆ ಅಡ್ಡ ಬಂದಿತ್ತು. “ನಮ್ಮಪ್ಪ ಇಡೀ ರಾತ್ರಿ ಲಾರಿ ಓಡಿಸಿ ನಮ್ಮನ್ನ ಓದಿಸಿದರು. ನನ್ನ ಕೈಲಿ ಐದು ಗಂಟೆ ಕಾರು ಓಡಿಸೋಕೆ ಆಗಲ್ವಾ?”

ಗಂಟು ಇದ್ದದ್ದು ಇಲ್ಲಿ. ನಿದ್ದೆ ಬರುವುದೆಂದರೆ ಅವರ ಮಟ್ಟಿಗೆ ಸೋಲು, ಮನಸ್ಸು ಗಟ್ಟಿಯಿಲ್ಲದವರ ಲಕ್ಷಣ. ಹೆಂಡತಿಯ ಪ್ರಶ್ನೆ ಅವರಿಗೆ ಕಾಳಜಿಯಾಗಿ ಕೇಳಿಸುತ್ತಿರಲಿಲ್ಲ, ‘ನಿಮ್ಮ ಕೈಲಾಗಲ್ಲ’ ಎಂದಂತೆ ಕೇಳಿಸುತ್ತಿತ್ತು.

ಕುಡಿದು ಗಾಡಿ ಓಡಿಸುವವರನ್ನು ಕಂಡರೆ ಅವರಿಗೆ ಆಗದು. ಹಾಗಾಗಿ ಅಲ್ಲಿಂದಲೇ ಶುರುಮಾಡಿದೆ. 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ. ಎಷ್ಟೋ ದೇಶಗಳಲ್ಲಿ ಚಾಲಕರಿಗೆ ಕಾನೂನು ಹಾಕಿರುವ ಮಿತಿಯೂ ಅಷ್ಟೇ. ಅವರು ಏಳುವುದು ಬೆಳಿಗ್ಗೆ ಆರಕ್ಕೆ. ಅಂದರೆ ಹೊರಟು ಅರ್ಧ ಗಂಟೆಯಾಗುವಷ್ಟರಲ್ಲೇ 17 ಗಂಟೆ ತುಂಬಿತು, ಊರು ಇನ್ನೂ ದೂರವೇ ಇದೆ. ಅದರ ಮೇಲೆ ರಾತ್ರಿ 2ರಿಂದ ಬೆಳಗಿನ 6ರವರೆಗೆ ಮೈಯೊಳಗಿನ ಗಡಿಯಾರವೇ ‘ಮಲಗು’ ಎನ್ನುವ ಹೊತ್ತು. ಅವರು ಬೆರಳು ಮಡಿಸಿ ಮತ್ತೆ ಲೆಕ್ಕ ಹಾಕಿದರು. ಏನೂ ಮಾತಾಡಲಿಲ್ಲ.

ಟೋಲ್ ನೆನಪಿಲ್ಲದ ಆ ಹೊತ್ತಿನ ಬಗ್ಗೆಯೂ ಹೇಳಿದೆ. ಮಿದುಳು ಕೆಲವು ಸೆಕೆಂಡು ಹೀಗೆ ತೂಕಡಿಸಿಬಿಡುತ್ತದೆ, ಕೆಲವೊಮ್ಮೆ ಕಣ್ಣು ತೆರೆದಿರುವಾಗಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಎಂದರೆ ಸುಮಾರು 90 ಮೀಟರ್. ಅಷ್ಟು ದೂರ ಗಾಡಿಗೆ ಯಜಮಾನರೇ ಇಲ್ಲ. ನಿದ್ದೆಯ ಅಪಘಾತಗಳಲ್ಲಿ ಎಷ್ಟೋ ಸಲ ರಸ್ತೆಯ ಮೇಲೆ ಬ್ರೇಕಿನ ಗುರುತೇ ಇರುವುದಿಲ್ಲ. ಮನಸ್ಸು ಎಷ್ಟೇ ಗಟ್ಟಿಯಿರಲಿ, ಆ ಕ್ಷಣದಲ್ಲಿ ಅದು ಎಚ್ಚರವಿರುವುದೇ ಇಲ್ಲವಲ್ಲ. ಇನ್ನೊಂದು ಮಾತು, ಬಹಳ ಜನ ಗಮನಿಸದ್ದು: ‘ನನಗೇನೂ ಆಗಿಲ್ಲ, ಇನ್ನು ಸ್ವಲ್ಪ ದೂರ ತಾನೆ’ ಎಂದು ತೀರ್ಪು ಕೊಡುವುದೂ ಅದೇ ದಣಿದ ಮಿದುಳು. ಆದ್ದರಿಂದ ನಿಲ್ಲಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಹೊತ್ತಿಗೆ ಬಿಡಲೇಬಾರದು, ಮನೆಯಲ್ಲೇ ಮಾಡಿಕೊಂಡು ಹೊರಡಬೇಕು.

ಮುಂದಿನ ಸಲ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ರಾತ್ರಿ ಪ್ರಯಾಣ ಬೇಡ. ಶುಕ್ರವಾರ ಬೇಗ ಮಲಗಿ, ತುಂಬ ನಿದ್ದೆ ಮಾಡಿ, ಶನಿವಾರ ಬೆಳಗಾದ ಮೇಲೆ ಹೊರಡುವುದು. ಊರಿಗೆ ಫೋನು ಮಾಡಿ ‘ಹೊರಟ್ವಿ’ ಎನ್ನುವುದಷ್ಟೇ, ಇಷ್ಟು ಗಂಟೆಗೆ ಬರುತ್ತೇವೆ ಎಂದು ಮಾತು ಕೊಡುವಂತಿಲ್ಲ. ಕಾಯುತ್ತಿರುತ್ತಾರೆ ಎಂಬ ಅವಸರವೇ ಎಷ್ಟೋ ಸಲ ಆಕ್ಸಿಲರೇಟರ್ ಒತ್ತಿಸುತ್ತದೆ.

‘ನಿದ್ದೆ ಬರ್ತಿದೆಯಾ?’ ಎಂಬ ಪ್ರಶ್ನೆಯನ್ನೇ ಕೈಬಿಡಿ ಎಂದು ಆಕೆಗೆ ಹೇಳಿದೆ. ಅದಕ್ಕೆ ಬರುವ ಉತ್ತರ ಯಾವಾಗಲೂ ‘ಇಲ್ಲ’. ಅದರ ಬದಲು ಕಣ್ಣಿಗೆ ಕಾಣುವುದನ್ನು ನೋಡಿ: ಗಾಡಿ ಗೆರೆ ದಾಟಿತೇ, ಆಕಳಿಕೆ ಒಂದರ ಹಿಂದೆ ಒಂದು ಬಂತೇ, ರೆಪ್ಪೆ ಮುಚ್ಚಿ ತೆರೆಯುವುದು ನಿಧಾನವಾಯಿತೇ, ತಿರುವಿನ ಬೋರ್ಡು ತಪ್ಪಿಹೋಯಿತೇ. ಯಾವುದಾದರೂ ಒಂದಾದರೆ, ಯಾರು ಕಂಡರೂ ಸರಿ, “ನಿಲ್ಸೋಣ” ಎಂದರೆ ಸಾಕು, ವಾದ ಮಾಡುವಂತಿಲ್ಲ. ನಿಲ್ಲಿಸುವುದು ಹೆದ್ದಾರಿಯ ಅಂಚಿನಲ್ಲಲ್ಲ, ಬೆಳಕಿರುವ ಪೆಟ್ರೋಲ್ ಬಂಕಿನಂಥ ಜಾಗದಲ್ಲಿ.

ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಕೆನ್ನೆಗೆ ಹೊಡೆದುಕೊಳ್ಳುವುದು ಎಲ್ಲವನ್ನೂ ಅವರು ಮಾಡಿ ನೋಡಿದ್ದರು. ಅವುಗಳಿಂದ ನಿದ್ದೆ ಹೋಗುವುದಿಲ್ಲ. ಕಾಫಿಯೂ ಮೈಗೆ ಹತ್ತಲು ಅರ್ಧ ಗಂಟೆ ಹಿಡಿಯುತ್ತದೆ. ಹಾಗಾಗಿ ಅದನ್ನು ಕುಡಿದ ಕೂಡಲೇ ಸೀಟು ಒರಗಿಸಿ 15–20 ನಿಮಿಷ ಮಲಗಬೇಕು. ಎದ್ದಮೇಲೆ ಮಂಪರು ಇಳಿಯುವವರೆಗೆ ನಾಲ್ಕು ಹೆಜ್ಜೆ ಓಡಾಡಿ ಆಮೇಲೆ ಹೊರಡಬೇಕು. ಇದೂ ಹತ್ತಿರದ ತಂಗುವ ಜಾಗ ಮುಟ್ಟಲಷ್ಟೇ, ರಾತ್ರಿ ನಿದ್ದೆಗೆ ಬದಲಿಯಲ್ಲ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳೂ ಮಂಪರು ತರುತ್ತವೆ, ಕೇಳಿಕೊಂಡೇ ನುಂಗಬೇಕು.

ಮಾತಿನ ನಡುವೆ ಆಕೆ ಗಂಡನ ಗೊರಕೆಯ ಬಗ್ಗೆ ಹೇಳಿದರು: ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿಬೀಳುವುದು. ಹಗಲು ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಪ್ರಶ್ನಾವಳಿ ಕೊಟ್ಟೆ. ಎಂಟು ಪ್ರಶ್ನೆ, ಒಟ್ಟು 24 ಅಂಕ, 10 ದಾಟಿದರೆ ವೈದ್ಯರನ್ನು ಕಾಣಬೇಕು. ಇವರದು 15. ನಿದ್ರಾ ತಜ್ಞರ ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಎಂದು ಗೊತ್ತಾಯಿತು. ಎಂಟು ಗಂಟೆ ಮಲಗಿದರೂ ದಣಿವು ಆರದಿರುವುದಕ್ಕೆ ಕಾರಣ ಸಿಕ್ಕಿದ್ದರಿಂದ ಅವರ ಮುಖದಲ್ಲಿ ನಿರಾಳ ಕಂಡಿತು. ನಾಚಿಕೆಗೆ ಅಲ್ಲಿ ಜಾಗವಿರಲಿಲ್ಲ.

ಅಪ್ಪನಿಗೆ ಹೇಳುವುದೇ ಅವರಿಗೆ ಕಷ್ಟವಾಗಿತ್ತು. ಹೇಳಿದಾಗ ಮುದುಕರು ಅಂದದ್ದು: “ಲಾರೀಲಿ ನಾವು ಇಬ್ಬರಿರ್ತಿದ್ವಿ ಕಣೋ. ಒಬ್ಬ ಮಲಗಿದ್ರೆ ಒಬ್ಬ ಓಡಿಸ್ತಿದ್ದ. ನಿಂಗ್ಯಾರು ಒಬ್ನೇ ಓಡ್ಸು ಅಂದಿದ್ದು?”

ಆಕೆಗೂ ಲೈಸೆನ್ಸ್ ಇದೆ, ಆದರೆ ಸ್ಟಿಯರಿಂಗ್ ಬಿಟ್ಟುಕೊಡಲು ಅವರಿಗೆ ಇನ್ನೂ ಪೂರ್ತಿ ಮನಸ್ಸಿಲ್ಲ. ವೈದ್ಯರು ಒಪ್ಪುವವರೆಗೆ ದೂರದ ದಾರಿಯಲ್ಲಿ ಅವರು ಗಾಡಿ ಓಡಿಸುವಂತಿಲ್ಲ. ಈಗ ಊರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ, ಭಾನುವಾರಗಳಲ್ಲಿ ಆಕೆ ಖಾಲಿ ರಸ್ತೆಯಲ್ಲಿ ಕಾರು ಅಭ್ಯಾಸ ಮಾಡುತ್ತಿದ್ದಾರೆ. ಮುಂದಿನ ಭೇಟಿಯಲ್ಲಿ ನಾವು ಮಾತಾಡಬೇಕಿರುವುದು ಇದರ ಬಗ್ಗೆಯೇ.