ನಾಲ್ಕನೆಯ ಪುಟದಿಂದ ಆರಂಭಿಸಿ

ಮಾನ್ಯರೇ,

ಹಾರ್ಮೋನುಗಳು ಗಂಡು-ಹೆಣ್ಣಿನ ಬುದ್ಧಿಶಕ್ತಿಯನ್ನು ಹೇಗೆ ಬದಲಿಸುತ್ತವೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಏಕೆಂದರೆ ಐವತ್ತರ ಹೊಸ್ತಿಲಲ್ಲಿದ್ದ ನಿಮ್ಮ ತಾಯಿಯವರು ಒಲೆಯ ಮೇಲೆ ಹಾಲಿಟ್ಟು ಮರೆತು, ಸೀದುಹೋದ ಪಾತ್ರೆಯನ್ನು ಯಾರಿಗೂ ಕಾಣದಂತೆ ಹಿತ್ತಿಲಲ್ಲಿ ಉಜ್ಜುತ್ತಿದ್ದುದನ್ನು ನಾಲ್ಕನೆಯ ಪುಟದಲ್ಲಿ ಬರೆದಿದ್ದೀರಲ್ಲ, ಲೇಖನದ ಜೀವವೆಲ್ಲ ಅಲ್ಲಿದೆ.

ಅದಕ್ಕೆ ಮುಂಚಿನ ಪುಟಗಳಲ್ಲಿ ಅವಸರಪಟ್ಟಿದ್ದೀರಿ. ಮುಟ್ಟಿನ ದಿನಗಳಲ್ಲಿ ಹೆಂಗಸರ ಲೆಕ್ಕ ತಪ್ಪುತ್ತದೆ ಎಂದು ಬರೆದು, ಇಲಿಗಳ ಪ್ರಯೋಗವನ್ನು ಆಧಾರವಾಗಿ ಕೊಟ್ಟಿದ್ದೀರಿ. ಹೆಣ್ಣಿಲಿಯ ನಾಲ್ಕೈದು ದಿನಗಳ ಚಕ್ರದಲ್ಲಿ, ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಮೇಲಿರುವ, ಬೇರೆ ಕೋಶಗಳ ಸಂದೇಶ ಪಡೆಯುವ ಸೂಕ್ಷ್ಮ ಮುಳ್ಳುಗಳು ಹೆಚ್ಚುಕಡಿಮೆಯಾಗುವುದನ್ನು ವಿಜ್ಞಾನಿಗಳಾದ ವೂಲಿ, ಮೆಕ್ಯೂಯೆನ್ ಮತ್ತು ಸಂಗಡಿಗರು 1990ರಲ್ಲಿ ಕಂಡದ್ದು ನಿಜ. ಆದರೆ ಆ ಮುಳ್ಳುಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕೂತ ಹೆಣ್ಣುಮಗಳ ಲೆಕ್ಕದವರೆಗಿನ ದೂರವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಹೆಂಗಸರ ಮೇಲೆಯೇ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಅಂಥ ಸ್ಥಿರವಾದ ಏರಿಳಿತ ಕಂಡಿಲ್ಲ. ಮನೆಮನೆಯಲ್ಲೂ ಹೆಣ್ಣುಮಕ್ಕಳನ್ನು ಚುಚ್ಚಲು ಬಳಕೆಯಾಗುವ ಮಾತಿಗೆ ವಿಜ್ಞಾನದ ಮುದ್ರೆ ಒತ್ತುವ ಮುನ್ನ ನೀವು ಇದನ್ನು ಪರಿಶೀಲಿಸಬೇಕಿತ್ತು.

ಟೆಸ್ಟೋಸ್ಟೆರಾನ್ ಗಂಡಿನದು, ಈಸ್ಟ್ರೋಜನ್ ಹೆಣ್ಣಿನದು ಎಂಬ ಹಂಚಿಕೆಯೂ ಸರಿಯಲ್ಲ. ಎರಡೂ ಇಬ್ಬರಲ್ಲೂ ಇವೆ. ಗಂಡಸಿನ ಮಿದುಳಿನೊಳಗೇ ಅರೋಮಟೇಸ್ ಎಂಬ ಕಿಣ್ವವು ಟೆಸ್ಟೋಸ್ಟೆರಾನಿನ ಒಂದಂಶವನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ.

'ಹಾರ್ಮೋನ್ ಕೊಟ್ಟರೆ ಮುಪ್ಪಿನಲ್ಲೂ ನೆನಪು ಮರಳುತ್ತದೆ' ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅಮೆರಿಕದಲ್ಲಿ 65 ದಾಟಿದ, ಮರೆವಿನ ತೊಂದರೆಯಿದ್ದ ಗಂಡಸರಿಗೆ ಒಂದು ವರ್ಷ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು, ನೆನಪು ಸುಧಾರಿಸಿರಲಿಲ್ಲ. ಅದೇ ವಯಸ್ಸಿನ ಹೆಂಗಸರಿಗೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಔಷಧವನ್ನೂ ಸೇರಿಸಿ ಕೊಟ್ಟಾಗ ಡಿಮೆನ್ಷಿಯಾದ, ಅಂದರೆ ತೀವ್ರ ಮರೆವಿನ ಕಾಯಿಲೆಯ, ಅಪಾಯ ಸುಮಾರು ಇಮ್ಮಡಿಯಾದದ್ದು 2003ರಲ್ಲೇ ವರದಿಯಾಗಿತ್ತು. ಇಂಥ ಒಂದು ಸಾಲನ್ನು ನಂಬಿ ಓದುಗರು ನೇರ ಮೆಡಿಕಲ್ ಶಾಪಿಗೆ ಹೋಗುತ್ತಾರೆ.

ಇನ್ನು ಆ ಹಾಲಿನ ಪಾತ್ರೆ. ಅಮೆರಿಕದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನಾಲ್ಕು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಹೊಸದನ್ನು ಕಲಿಯುವ ಶಕ್ತಿ ತುಸು ಕುಂದಿ, ಪೂರ್ತಿ ನಿಂತ ಮೇಲೆ ಚೇತರಿಸಿಕೊಂಡದ್ದು ಕಂಡಿತು. ನಿಮ್ಮ ತಾಯಿಯವರಿಗೆ ಅಂದು ಇದನ್ನು ಯಾರೂ ಹೇಳಿರಲಿಲ್ಲ. ಆ ವರ್ಷಗಳಲ್ಲಿ ರಾತ್ರಿ ನಿದ್ದೆ ಬರುತ್ತಿತ್ತೇ, ಬೆವರಿ ಎಚ್ಚರಾಗುತ್ತಿತ್ತೇ, ಈಗ ಮರೆವು ಹೇಗಿದೆ ಎಂದು ಅವರನ್ನೇ ಕೇಳಿ. ಅವರು ಒಪ್ಪಿದರೆ ಲೇಖನವನ್ನು ಅಲ್ಲಿಂದಲೇ ಆರಂಭಿಸಿ ಕಳುಹಿಸಿ.

ಸಂಪಾದಕ