ಮಾಡದ ತಪ್ಪನ್ನು ಒಪ್ಪಿಕೊಂಡಿದ್ದು ಯಾಕೆ?

ಸಾಗರದ ಓದುಗರೊಬ್ಬರು ಕೇಳಿದ್ದಾರೆ: "ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಮಾಟಗಾತಿ ವಿಚಾರಣೆಗಳ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಆ ಹೆಂಗಸರನ್ನು ಜೀವಂತ ಸುಟ್ಟರು ಅಂತ ಬರೆದಿದ್ದೀರಿ. ನಿಜವೇ? ಮಾಡದ ತಪ್ಪನ್ನು ಅವರು ಒಪ್ಪಿಕೊಂಡಿದ್ದಾದರೂ ಯಾಕೆ?"

ಸುಟ್ಟರು ಅಂತ ಬರೆದದ್ದು ನಮ್ಮ ತಪ್ಪು, ಕ್ಷಮಿಸಿ. ಇಂಗ್ಲೆಂಡಿನಲ್ಲಿ ಮಾಟಕ್ಕೆ ಇದ್ದದ್ದು ನೇಣು. 1563ರ ಕಾಯಿದೆಯ ಪ್ರಕಾರ, ಮಾಟ ಮಾಡಿ ಕೊಂದರೆ ಮರಣದಂಡನೆ. ಮೂರೇ ವರ್ಷಕ್ಕೆ, 1566ರಲ್ಲಿ, ಹ್ಯಾಟ್‌ಫೀಲ್ಡ್ ಪೆವರೆಲ್ ಊರಿನ ಆಗ್ನೆಸ್ ವಾಟರ್‌ಹೌಸ್ ಎಂಬ ಮುದುಕಿಯನ್ನು ಚೆಮ್ಸ್‌ಫರ್ಡ್‌ನಲ್ಲಿ ನೇಣಿಗೆ ಹಾಕಿದರು.

ನಿಮ್ಮ ಎರಡನೇ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿದೆ. ಅದಕ್ಕೆ ಅರ್ಸುಲಾ ಕೆಂಪ್ ಕಥೆ ಹೇಳಬೇಕು. ಸೇಂಟ್ ಓಸಿತ್ ಊರಿನ ಬಡ ಹೆಂಗಸು. ಮಾಟ ತೆಗೆದು ಕಾಯಿಲೆ ವಾಸಿ ಮಾಡುತ್ತಾಳೆ ಅಂತ ಹೆಸರಿತ್ತು. ನೆರೆಯ ಗ್ರೇಸ್ ಥರ್ಲೊಳ ಮಗನಿಗೆ ಹುಷಾರಿಲ್ಲದಾಗ ಬಂದು ನೋಡಿದವಳೂ ಇವಳೇ. ಆಮೇಲೆ ಗ್ರೇಸ್ ತನ್ನ ಕೂಸನ್ನು ನೋಡಿಕೊಳ್ಳಲು ಇವಳನ್ನು ಕರೆಯಲಿಲ್ಲ. ಮಾತಿಗೆ ಮಾತು ಬೆಳೆಯಿತು. ಸ್ವಲ್ಪ ದಿನಕ್ಕೆ ಕೂಸು ತೊಟ್ಟಿಲಿಂದ ಬಿದ್ದು, ಕತ್ತು ಮುರಿದು ಸತ್ತಿತು. ಗ್ರೇಸ್‌ಳ ಕಾಲು ನೋವಿಗೆ 12 ಪೆನ್ಸ್‌ಗೆ ಮದ್ದು ಹೇಳಿದ್ದಳು ಅರ್ಸುಲಾ. ನೋವು ಹೋಯಿತು, ದುಡ್ಡು ಮಾತ್ರ ಬರಲಿಲ್ಲ. ಮತ್ತೆ ಜಗಳ, ಮತ್ತೆ ಕಾಲು ನೋವು. ನೆರೆಮನೆಯ ಇಷ್ಟು ಮುನಿಸು ಸಾಕಾಯಿತು, ಅರ್ಸುಲಾ ಮಾಟ ಮಾಡಿದಳು ಅನ್ನುವ ದೂರು ಮ್ಯಾಜಿಸ್ಟ್ರೇಟ್ ಬ್ರಯನ್ ಡಾರ್ಸಿ ಮುಂದೆ ಹೋಯಿತು.

ಡಾರ್ಸಿ ಅರ್ಸುಲಾಳ ಎಂಟು ವರ್ಷದ ಮಗನನ್ನೂ ಕೂರಿಸಿಕೊಂಡ. ಅಮ್ಮನ ಹತ್ತಿರ ಪ್ರಾಣಿ ರೂಪದ ನಾಲ್ಕು ದೆವ್ವಗಳಿವೆ, ಒಂದು ಬೂದು ಬೆಕ್ಕು, ಒಂದು ಕರಿ ಬೆಕ್ಕು, ಒಂದು ಕಪ್ಪೆ, ಒಂದು ಬಿಳಿ ಕುರಿಮರಿ ಅಂತ ಹುಡುಗ ಹೇಳಿದ. ಎಂಟು ವರ್ಷದ ಮಗು, ಪಾಪ, ಏನು ತಿಳಿದೀತು? ಡಾರ್ಸಿ ತಾಯಿಗೆ, ಒಪ್ಪಿಕೊಂಡವರಿಗೆ ದಯೆ ತೋರಿಸುತ್ತೇವೆ ಅಂದ. ಅವಳು ಮಂಡಿಯೂರಿ, ಅಳುತ್ತಾ ಎಲ್ಲ ಒಪ್ಪಿಕೊಂಡಳು. 1582ರಲ್ಲಿ ಅವಳನ್ನು ನೇಣಿಗೆ ಹಾಕಿದರು. ಈ ಮೋಸ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಒಪ್ಪಿಸಲು ಇನ್ನೊಂದು ದಾರಿಯೂ ಇತ್ತು: ನಿದ್ದೆಗೆಡಿಸುವುದು. ಇಂಗ್ಲೆಂಡಿನ ಕಾನೂನು ಚಿತ್ರಹಿಂಸೆಗೆ ಒಪ್ಪುತ್ತಿರಲಿಲ್ಲ. 1645ರಲ್ಲಿ, ಒಳಯುದ್ಧದ ಗದ್ದಲದ ನಡುವೆ, ಮಾಟಗಾತಿಯರನ್ನು ಹುಡುಕಿ ಹಿಡಿಯುತ್ತಿದ್ದ ಮ್ಯಾನಿಂಗ್‌ಟ್ರೀಯ ಮ್ಯಾಥ್ಯೂ ಹಾಪ್ಕಿನ್ಸ್ ಮತ್ತು ಜಾನ್ ಸ್ಟರ್ನ್ ಹಿಡಿದದ್ದು ನಿದ್ದೆಗೆಡಿಸುವ ಈ ದಾರಿಯನ್ನೇ. ದೆವ್ವಗಳು ಬರುತ್ತವಾ ಅಂತ 'ಕಾಯುವ' ನೆಪದಲ್ಲಿ ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿ ಕಾಲಿನ ಮುದುಕಿಯನ್ನು ರಾತ್ರಿಗಟ್ಟಲೆ ಎಚ್ಚರವಾಗಿಟ್ಟರು. ಕೊನೆಗೆ ಅವಳು ತನ್ನ ದೆವ್ವಗಳ ಹೆಸರು ಹೇಳಿದಳು. ಜೊತೆಗೆ ಬೇರೆ ಹೆಂಗಸರ ಹೆಸರೂ ಬಂತು. ಆ ಬೇಸಿಗೆಯಲ್ಲಿ ಎಸೆಕ್ಸ್‌ನ ಮೂವತ್ತಕ್ಕೂ ಜಾಸ್ತಿ ಹೆಂಗಸರು ಕೋರ್ಟು ಕಂಡರು. ಕೆಲವರು ಕೊಲ್ಚೆಸ್ಟರ್ ಕೋಟೆಯ ಜೈಲಿನಲ್ಲೇ ಸತ್ತರು.

ಹೀಗೆ ಸಿಕ್ಕಿಬಿದ್ದವರಲ್ಲಿ ಆನ್ ವೆಸ್ಟ್ ಮತ್ತು ಅವಳ ಮಗಳು ರೆಬೆಕ್ಕಾ ಕೂಡ ಇದ್ದರು. ರೆಬೆಕ್ಕಾ ಒಪ್ಪಿಕೊಂಡಳು, ಉಳಿದವರ ವಿರುದ್ಧ ಸಾಕ್ಷಿಯನ್ನೂ ಹೇಳಿದಳು, ಬದುಕಿಕೊಂಡಳು. ಅವಳ ತಾಯಿಯನ್ನು ಆಗಸ್ಟ್ 1ರಂದು ಮ್ಯಾನಿಂಗ್‌ಟ್ರೀಯಲ್ಲಿ ನೇಣಿಗೆ ಹಾಕಿದರು.

— ಸಂ.